ಹೊಸ ಪ್ಲಗ್ಗಿಗೆ ಹಳೇ ಜೋಡಿ

ಆಗಿನ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯ ಮಾತು ಹೇಳುತ್ತೇನೆ. ಆಗ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಕಾರು. ಅದು ನಮ್ಮ ಮನೆಯದೇ. ಆದರೂ ಏನೂ ಚೆನ್ನಾಗಿರಲಿಲ್ಲ. ಬೆಳಗಾದರೆ ಆ ಕಾರು ಏಳುತ್ತಿರಲಿಲ್ಲ. ಅದನ್ನು ಎಬ್ಬಿಸುವ ಕೆಲಸ ನನ್ನದು. ನನಗೆ ಆಗ ಹನ್ನೆರಡು ವರ್ಷ.

ನಮ್ಮೂರು ಅಂತರಘಟ್ಟೆಗೂ ಅಜ್ಜಂಪುರಕ್ಕೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ಹೆಸರು ಬೇಡ. ನಮ್ಮವರು ಇನ್ನೂ ಅಲ್ಲಿದ್ದಾರೆ, ಓದಿದರೆ ಜಗಳಕ್ಕೆ ಬರುತ್ತಾರೆ. ನಾನು ಹೆಚ್ಚು ಓದಿದವಳಲ್ಲ, ಯಾಕೆ ಓದಲಿಲ್ಲ ಎನ್ನುವುದೇ ಇಲ್ಲಿರುವ ಮಾತು. ಕಾಗುಣಿತ ಸೊಸೆ ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮಪ್ಪ ಸಿದ್ದಪ್ಪ ಎತ್ತಿನ ಮನುಷ್ಯ. ಎತ್ತು ಕೊಳ್ಳಬೇಕಾದವರು ಸುತ್ತ ಹತ್ತು ಊರಿಂದ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಹಲ್ಲು ನೋಡಿ, ಸುಳಿ ನೋಡಿ, ಬೆನ್ನ ಮೇಲೆ ಕೈಯಾಡಿಸಿ, ಇದು ಆಗುತ್ತದೆ ಇದು ಆಗಲ್ಲ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಅಷ್ಟಕ್ಕೇ ಇದ್ದಿದ್ದರೆ ನಮ್ಮ ಮನೆ ನೆಟ್ಟಗಿರುತ್ತಿತ್ತು. ಒಂದು ವರ್ಷ ಅದೇನು ಹೊಕ್ಕಿತೋ, ಮನೆಯ ಎತ್ತಿನ ಜೋಡಿಯನ್ನೇ ಮಾರಿ, ತರೀಕೆರೆಯ ಡಾಕ್ಟರೊಬ್ಬರು ಬೇಡ ಎಂದು ಬಿಟ್ಟಿದ್ದ ಹಳೇ ಕರೀ ಕಾರು ತಂದ. ತಾಲ್ಲೂಕು ಕಚೇರಿಗೆ ಹೋಗುವವರನ್ನು ತರೀಕೆರೆಗೆ, ರೈಲಿಗೆ ಹೋಗುವವರನ್ನು ಬೀರೂರಿಗೆ, ಮದುವೆ ದಿಬ್ಬಣವನ್ನು ಕರೆದಲ್ಲಿಗೆ ಬಾಡಿಗೆ ಹೊಡೆಯುತ್ತಿದ್ದ. ಗಾಡಿ ಓಡಿಸಲು ಕಲಿತ. ಆದರೆ ಅದು ಎತ್ತಲ್ಲ ಎನ್ನುವುದನ್ನು ಮಾತ್ರ ಸಾಯುವವರೆಗೂ ಕಲಿಯಲಿಲ್ಲ. ಏರು ಹತ್ತುವಾಗ ಬಾಯಲ್ಲಿ ‘ಹೋ ಹೋ’ ಎನ್ನುತ್ತಿದ್ದ. ಹಿಂದೆ ಕೂತವರು ನಗುತ್ತಿದ್ದರು.

ಆ ಇಂಜಿನ್ನಿಗೆ ನಾಲ್ಕು ಪ್ಲಗ್ಗು. ಒಂದೊಂದೂ ಹೆಬ್ಬೆರಳಿನ ಗಾತ್ರ. ಮೇಲೆ ಬಿಳಿ ಪಿಂಗಾಣಿ, ಕೆಳಗೆ ಕಬ್ಬಿಣದ ತಿರುಪು, ತುದಿಯಲ್ಲಿ ಸಣ್ಣ ಕೊಕ್ಕೆ. ಕೊಕ್ಕೆಗೂ ನಡುವಿನ ಕಡ್ಡಿಗೂ ಕೂದಲೆಳೆಯಷ್ಟು ಸಂದು ಇರುತ್ತದೆ. ಆ ಸಂದಿನಲ್ಲಿ ಕಿಡಿ ಹಾರಬೇಕು. ಹಾರಿದರೆ ಒಳಗೆ ಪೆಟ್ರೋಲು ಹೊತ್ತಿಕೊಂಡು ಗಾಡಿ ಓಡುತ್ತದೆ. ಮಸಿ ಕಟ್ಟಿಕೊಂಡರೆ, ಸಂದು ಮುಚ್ಚಿಕೊಂಡರೆ, ಸಂದು ಹೆಚ್ಚಾದರೆ, ಕಿಡಿ ಇಲ್ಲ. ನಮ್ಮ ಪ್ಲಗ್ಗುಗಳು ಡಾಕ್ಟರ ಕಾಲದವು. ದಿನಾ ಮಸಿ ಕಟ್ಟುತ್ತಿದ್ದವು.

ಅಪ್ಪನ ಬೆರಳು ದಪ್ಪ, ಒಳಗೆ ಹೋಗುತ್ತಿರಲಿಲ್ಲ. ನನ್ನವು ಸಣ್ಣ. ಹೀಗೆ ಆ ಕೆಲಸ ನನಗೆ ಅಂಟಿಕೊಂಡಿತು. ಎದ್ದ ತಕ್ಷಣ ಪಾನ, ಅಂದರೆ ಸ್ಪ್ಯಾನರು, ಹಾಕಿ ನಾಲ್ಕನ್ನೂ ಬಿಚ್ಚಬೇಕು. ಒಲೆಯ ಕೆಂಡದಲ್ಲಿಟ್ಟು ಮಸಿ ಸುಡಬೇಕು. ಉಪ್ಪುಕಾಗದದಲ್ಲಿ ಉಜ್ಜಬೇಕು. ಮುರಿದ ಗರಗಸದ ಬ್ಲೇಡಿನ ಚೂರನ್ನು ಸಂದಿನಲ್ಲಿ ತೂರಿಸಿ, ಬಿಗಿಯಾಗಿ ಹೋಗಿ ಬಂದರೆ ಸರಿ, ಇಲ್ಲದಿದ್ದರೆ ಕೊಕ್ಕೆಯನ್ನು ಮೆಲ್ಲಗೆ ಬಡಿಯಬೇಕು. ಇದನ್ನು ನನಗೆ ಕಲಿಸಿದವರು ಕಡೂರಿನ ಒಬ್ಬ ಮುದುಕ ಮೆಕ್ಯಾನಿಕ್ಕು. ಅಪ್ಪನಿಗೇ ಕಲಿಸಲು ನೋಡಿದರು. ಅಪ್ಪ ಆಚೆ ನಿಂತು ಬೀಡಿ ಸೇದುತ್ತಿದ್ದ. ನಾನು ನೋಡಿಕೊಂಡೆ.

ಒಲೆ ಅವ್ವನದು. ದಿನಾ ಸಾರಿಸಿ, ವಿಭೂತಿ ಇಟ್ಟು, ಆಮೇಲೆ ಬೆಂಕಿ ಹಾಕುವ ಒಲೆ. ಅದರೊಳಗೆ ಪೆಟ್ರೋಲು ಕುಡಿದ ಕಬ್ಬಿಣ ಇಟ್ಟರೆ ಸುಮ್ಮನಿರುತ್ತಾಳೆಯೇ?

“ನಿಮ್ಮ ಗಾಡಿ ಹಲ್ಲುಜ್ಜಕ್ಕೆ ನನ್ನ ಒಲೇನೇ ಬೇಕೇನ್ರೀ?” ಎಂದು ಅಪ್ಪನ ಕಡೆ ತಿರುಗುತ್ತಿದ್ದಳು. “ರೊಟ್ಟಿ ತಿಂದ್ರೆ ಬಸ್‌ಸ್ಟ್ಯಾಂಡ್ ತಿಂದಂಗಾಗುತ್ತೆ.”

“ತಿನ್ನೇ, ಒಳ್ಳೇದು. ಹೊಟ್ಟೆಹುಳ ಸಾಯ್ತವೆ,” ಎನ್ನುತ್ತಿದ್ದ ಅಪ್ಪ.

ನಿಜವಾಗಿಯೂ ರೊಟ್ಟಿಗೆ ಆ ವಾಸನೆ ಹತ್ತುತ್ತಿತ್ತು. ಹುಚ್ಚೆಳ್ಳಿನ ಚಟ್ನಿ ಎಷ್ಟು ಹಚ್ಚಿಕೊಂಡರೂ ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಕುಂಟೆಬಿಲ್ಲೆ ಆಡುವಾಗ ಹುಡುಗಿಯರು ನನ್ನನ್ನು ಮೂಸಿ, “ಪೆಟ್ರೋಲ್ ಪಾರಿ ಬಂದ್ಲು ಕಣ್ರೇ, ಬೆಂಕಿಕಡ್ಡಿ ದೂರ ಇಡ್ರೇ” ಎನ್ನುತ್ತಿದ್ದರು. ನನ್ನ ಹೆಸರು ಪಾರ್ವತಿ. ಯಾರಿಗೆ ಬೇಕಾಗಿತ್ತು?

ಆ ವರ್ಷ ನಾನು ಏಳನೇ ಕ್ಲಾಸು. ಏಳಕ್ಕೆ ಆಗ ಪಬ್ಲಿಕ್ ಪರೀಕ್ಷೆ. ನಮ್ಮೂರ ಸ್ಕೂಲು ಅಲ್ಲಿಗೇ ಮುಗಿಯುತ್ತಿತ್ತು, ಪರೀಕ್ಷೆ ಬರೆಯಲು ಅಜ್ಜಂಪುರಕ್ಕೆ ಹೋಗಬೇಕು. ನಮ್ಮ ಮನೆತನದಲ್ಲಿ ಯಾವ ಹೆಣ್ಣೂ ಅದನ್ನು ಬರೆದಿರಲಿಲ್ಲ. ಮೇಷ್ಟ್ರು ಒಂದು ದಿನ ಮನೆಗೆ ಬಂದು ಜಗುಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದರು:

“ಸಿದ್ದಪ್ನೋರೆ, ಹುಡುಗಿ ಲೆಕ್ಕದಲ್ಲಿ ಗಂಡುಹುಡುಗರನ್ನೆಲ್ಲ ಮೀರಿಸ್ತಾಳೆ. ಪಾಸಾದ್ರೆ ಹೈಸ್ಕೂಲಿಗೆ ನಾನೇ ಅರ್ಜಿ ಬರೀತೀನಿ. ಒಪ್ತೀರಾ?”

ಅಪ್ಪ ಯೋಚಿಸಲೇ ಇಲ್ಲ. “ಪಾಸಾದ್ರೆ ಓದ್ಲಿ ಮೇಷ್ಟ್ರೇ. ಫೇಲಾದ್ರೆ ಮನೇಲಿರ್ಲಿ. ನನ್ನ ಮಾತು ಒಂದೇ.”

ಅವ್ವ ಒಳಗಿನಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು. ಆಮೇಲೆ ನನ್ನ ತಲೆ ಬಾಚುವಾಗ, “ಪಾಸಾಗ್ಬಿಡೇ ತಾಯಿ. ನಿಮ್ಮಪ್ಪ ಒಪ್ಪಿರೋದು ಇದೊಂದಕ್ಕೇ, ಇನ್ನೊಂದ್ಸಲ ಕೇಳಕ್ಕಾಗಲ್ಲ,” ಎಂದಳು. ಅಷ್ಟು ಹೇಳಿ ಕೂದಲನ್ನು ಎಳೆದು ಬಿಗಿಯಾಗಿ ಜಡೆ ಹಾಕಿದಳು.

ಪರೀಕ್ಷೆಗೆ ಎರಡು ದಿನ ಇದ್ದಾಗ ಅಪ್ಪನಿಗೆ ಉಮೇದು ಬಂತು. ಮಗಳು ಪರೀಕ್ಷೆಗೆ ಹೋಗುವಾಗ ಗಾಡಿಗೆ ಹೊಸ ಪ್ಲಗ್ಗು ಹಾಕಬೇಕಂತೆ. ವರ್ಷವೆಲ್ಲ ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು, ಆಗ ಬಾರದ ಉಮೇದು. ಇರಲಿ ಎಂದುಕೊಂಡೆ. ಕಡೂರಿನ ಮುದುಕರು ಯಾವ ನಂಬರಿನ ಪ್ಲಗ್ಗು ಬೇಕು ಎಂದು ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಟ್ಟಿದ್ದರು. ಅದನ್ನು ನಾನು ದೇವರ ಗೂಡಿನಲ್ಲಿ ಇಟ್ಟಿದ್ದೆ. ತಂದು ಕೊಟ್ಟೆ.

“ಅಪ್ಪಾ, ಅಂಗಡೀಲಿ ಈ ಚೀಟಿ ತೋರ್ಸು. ಇದೇ ನಂಬರ್ ಬೇಕು ಅನ್ನು.”

“ಎತ್ತು ಕೊಳ್ಳಕ್ಕೆ ಚೀಟಿ ಹಿಡ್ಕೊಂಡು ಹೋಗ್ತಾರೇನೇ? ನನಗೆ ಕಣ್ಣಿಲ್ವ?”

“ಇದು ಎತ್ತಲ್ಲ ಕಣಪ್ಪೋ.”

“ಎತ್ತಾದ್ರೇನು, ಪ್ಲಗ್ಗಾದ್ರೇನು. ನೋಡಿದ್ರೆ ಗೊತ್ತಾಗುತ್ತೆ.”

ಚೀಟಿ ಬಿಟ್ಟು ಬೀರೂರಿಗೆ ಹೋದ. ಸಂಜೆ ಎರಡು ಪ್ಲಗ್ಗು ತಂದ. ಕಾಗದ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ಥಳಥಳ ಹೊಳೆಯುತ್ತಿದ್ದವು, ಪಿಂಗಾಣಿ ಹಾಲಿನಂತಿತ್ತು. ನನಗೂ ಒಂದು ಗಳಿಗೆ ಆಸೆಯಾಯಿತು. ಆಮೇಲೆ ಹಳೆಯದೊಂದನ್ನು ತಂದು ಪಕ್ಕದಲ್ಲಿ ಹಿಡಿದೆ. ಹೊಸದರ ತಿರುಪು ಹಳೆಯದಕ್ಕಿಂತ ಕಾಲಂಗುಲ ಉದ್ದ.

“ಅಪ್ಪಾ, ಇದು ಉದ್ದ ಐತೆ. ಒಳಗೆ ಹೋಗಿ ಏನಕ್ಕಾದ್ರೂ ತಗುಲುತ್ತೆ.”

“ಉದ್ದ ಇರ್ಲಿ ಅಂತಲೇ ಆರಿಸಿ ತಂದಿದ್ದು. ಅಂಗಡಿಯವನು ಎರಡೂ ಥರದ್ದು ಮುಂದಿಟ್ಟ. ಎರಡಕ್ಕೂ ಅದೇ ದಪ್ಪ. ಗಿಡ್ಡದ್ದು ಯಾವನು ತಗೋತಾನೆ? ಮೈ ಉದ್ದ ಇದ್ರೆ ಎಳೆಯೋ ಶಕ್ತಿ ಜಾಸ್ತಿ.”

“ಎರಡೇ ಯಾಕೆ ತಂದೆ? ನಾಲ್ಕು ಬೇಕಲ್ಲ?”

ಅಪ್ಪ ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದ. “ಹೊಸಾ ಹೋರಿನ ಹೊಸಾ ಹೋರಿಗೇ ಜೋಡಿ ಕಟ್ತಾರೇನೇ? ಗಾಡಿ ಬೇಲಿಗೋಗುತ್ತೆ. ಹೊಸದನ್ನ ಹಳೇದ್ರ ಪಕ್ಕ ಕಟ್ಬೇಕು. ಹಳೇದು ಎಳೀತಾ ಎಳೀತಾ ಹೊಸದನ್ನ ಪಳಗಿಸುತ್ತೆ. ಪಳಗಿದ ಮ್ಯಾಲೆ ಇನ್ನೆರಡು ತರೋದು.”

ಲೆಕ್ಕದಲ್ಲಿ ಗಂಡುಹುಡುಗರನ್ನು ಮೀರಿಸಿದವಳು ಪಾನ ಎತ್ತಿಕೊಂಡೆ. ಒಂದು ಹಳೇದು, ಒಂದು ಹೊಸದು, ಒಂದು ಹಳೇದು, ಒಂದು ಹೊಸದು ಎಂದು ಅವನು ಹೇಳಿದ, ನಾನು ಕೂರಿಸಿದೆ. ಅವ್ವ ಹೊಸವಕ್ಕೆ ವಿಭೂತಿ ಹಚ್ಚಿದಳು. ಅಪ್ಪ ಇಂಜಿನ್ ಎಬ್ಬಿಸಿದ. ಒಳಗಿನಿಂದ ಕಟಕಟ ಎಂದು ಹಲ್ಲು ಕಡಿದಂಥ ಸದ್ದು ಬಂತು. ನಾನು ನಿಲ್ಲಿಸಪ್ಪಾ ಎಂದು ಕಿರುಚಿದೆ. ಅಷ್ಟರಲ್ಲಿ ಸದ್ದು ತಾನೇ ನಿಂತಿತು. ಗಾಡಿ ಮಾತ್ರ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಾ ಓಡುತ್ತಿತ್ತು.

“ನೋಡ್ದಾ? ಪಳಗ್ತು,” ಎಂದ ಅಪ್ಪ.

ಸದ್ದು ನಿಂತದ್ದು ಯಾಕೆ ಎಂದು ಮುಂದಿನ ಸಲ ಬಿಚ್ಚಿದಾಗ ಗೊತ್ತಾಯಿತು. ಆಗ ಗೊತ್ತಿರಲಿಲ್ಲ. ಬಿಚ್ಚಿ ನೋಡುತ್ತೇನೆ ಎಂದೆ. ಪೂಜೆ ಮಾಡಿ ಹಾಕಿದ್ದನ್ನು ಬಿಚ್ಚಬಾರದು ಎಂದು ಬೈದ.

ಪರೀಕ್ಷೆಯ ಹಿಂದಿನ ಸಂಜೆ ಮೇಷ್ಟ್ರು ಮತ್ತೆ ಬಂದರು. “ಬೆಳಿಗ್ಗೆ ಏಳೂವರೆ ಬಸ್ಸಿಗೆ ಮಕ್ಕಳನ್ನೆಲ್ಲ ಕರ್ಕೊಂಡು ಹೋಗ್ತಿದೀನಿ. ಪಾರ್ವತೀನೂ ಕಳಿಸಿ. ಹತ್ತಕ್ಕೆ ಪರೀಕ್ಷೆ. ಅರ್ಧ ಗಂಟೆ ತಡ ಆದ್ರೆ ಒಳಗೆ ಬಿಡಲ್ಲ.”

“ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ಮಗಳನ್ನ ಬಸ್ಸಲ್ಲಿ ನಿಲ್ಲಿಸ್ಲಾ ಮೇಷ್ಟ್ರೇ? ನಾಕು ಜನ ಏನಂದಾರು? ನಿಮಗಿಂತ ಮುಂಚೆ ಅಲ್ಲಿರ್ತೀವಿ.”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕಾರಿನ ಮುಖ ನೋಡಿದೆ.

ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿ, ರೊಟ್ಟಿಗೆ ಬೆಲ್ಲ ತುಪ್ಪ ಹಚ್ಚಿ ಕೊಟ್ಟಳು. ಆವತ್ತು ಒಲೆಯಲ್ಲಿ ಪ್ಲಗ್ಗು ಇರಲಿಲ್ಲ. ರೊಟ್ಟಿ ರೊಟ್ಟಿಯ ವಾಸನೆಯೇ ಹೊಡೆಯುತ್ತಿತ್ತು. ಇಸ್ತ್ರಿ ಮಾಡಿದ ಲಂಗ, ಜಡೆಗೆ ಹೊಸ ಟೇಪು. ಊರಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಅಪ್ಪ ಗಾಡಿಯ ಮೂತಿಗೆ ತೂರಿಸಿ ತಿರುಗಿಸುವ ಹ್ಯಾಂಡಲು ಹೊಡೆದು ಹೊಡೆದು ಬೆವತ. ಕೊನೆಗೆ ನಾಲ್ಕು ಜನ ತಳ್ಳಿದರು. ನಡುಗುತ್ತಾ ಹೊರಟೆವು. ಹೊರಡುವಾಗಲೇ ಎಂಟೂಮುಕ್ಕಾಲು.

ಅಜ್ಜಂಪುರ ಇನ್ನು ಮೂರು ಮೈಲಿ ಇದೆ ಎನ್ನುವಾಗ ಒಂದು ಏರು. ಅಪ್ಪ ‘ಹೋ ಹೋ’ ಎಂದ. ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಅಪ್ಪನ ಕೈಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷ ಇತ್ತು. ಸುತ್ತ ಬರೀ ಕೊಯ್ಲಾದ ಹೊಲ. ಒಂದು ನರಪಿಳ್ಳೆಯೂ ಇಲ್ಲ.

ನಾನು ಇಳಿದು ಮುಚ್ಚಳ ಎತ್ತಿಸಿದೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿ ಇಂಜಿನ್ನಿಗೆ ಅಪ್ಪನ ಟವೆಲು ಹಿಡಿದು ಹೊಸದೊಂದು ಪ್ಲಗ್ಗು ಬಿಚ್ಚಿದೆ. ನೋಡಿದರೆ ಕೊಕ್ಕೆ ಚಪ್ಪಟೆಯಾಗಿ ಕಡ್ಡಿಗೆ ಅಂಟಿಕೊಂಡಿದೆ. ಸಂದೇ ಇಲ್ಲ. ಇನ್ನೊಂದೂ ಹಾಗೇ. ಉದ್ದ ಹೆಚ್ಚಾಗಿ ಒಳಗೆ ಇಳಿದ ಪ್ಲಗ್ಗನ್ನು ಪಿಸ್ಟನ್ನು ಕೆಳಗಿನಿಂದ ಬಂದು ಗುದ್ದಿತ್ತು. ಅವನು ಪಳಗಿತು ಎಂದದ್ದು ಇದನ್ನೇ. ಅಲ್ಲಿಂದ ಇಲ್ಲಿಯವರೆಗೆ ಎಳೆದವು ಎರಡು ಹಳೇ ಪ್ಲಗ್ಗು. ಅವೂ ಈಗ ಕಪ್ಪಗೆ ನೆನೆದು ಸತ್ತಿದ್ದವು.

“ಬಿಚ್ಚಿಟ್ಟ ಹಳೇ ಎರಡು ಎಲ್ಲಪ್ಪಾ? ತಂದಿದೀಯಾ?”

“ಮನೇಲವೆ. ಮಾರಿದ ಎತ್ತನ್ನ ಗಾಡಿ ಹಿಂದೆ ಕಟ್ಕೊಂಡು ತಿರುಗ್ತಾರೇನೇ?”

ಕಲ್ಲು ತೆಗೆದುಕೊಂಡು ಹೊಡೆಯಬೇಕು ಅನ್ನಿಸಿತು. ಅಪ್ಪನಿಗೋ, ಕಾರಿಗೋ.

ಅಷ್ಟರಲ್ಲಿ ಹಿಂದಿನಿಂದ ಸೈಕಲ್ಲು ಬಂತು. ನಮ್ಮೂರಿನ ಬಸಣ್ಣ, ಅಜ್ಜಂಪುರಕ್ಕೆ ಮೊಸರು ಮಾರಲು ಹೋಗುವವನು. ಕಾಲು ಕೊಟ್ಟು ನಿಂತ. ಪರೀಕ್ಷೆಯ ವಿಷಯ ಊರಿಗೆಲ್ಲ ಗೊತ್ತಿತ್ತು.

“ಏನ್ ಸಿದ್ದಣ್ಣಾ, ಹೋರಿ ಮಲಗ್ಬಿಡ್ತಾ?” ಎಂದು ಅಪ್ಪನನ್ನು ಕೆಣಕಿದ. ಆಮೇಲೆ ನನ್ನ ಕಡೆ ತಿರುಗಿ, “ಬಾರವ್ವ, ಮೊಸರಿನ ಕ್ಯಾನು ಇಲ್ಲೇ ಇಡ್ತೀನಿ. ಕ್ಯಾರಿಯರ್ ಮ್ಯಾಲೆ ಕೂತ್ಕೋ. ಅರ್ಧ ಗಂಟೇಲಿ ಸ್ಕೂಲ್ ಬಾಗಿಲಿಗೆ ಬಿಡ್ತೀನಿ,” ಎಂದ.

ಅಪ್ಪ ನನ್ನನ್ನು ನೋಡಿದ. ಇದೊಂದನ್ನು ಸುಳ್ಳು ಹೇಳಬಾರದು, ಅವನು ತಡೆಯಲಿಲ್ಲ. “ಹೋಗ್ತೀಯೇನವ್ವಾ?” ಎಂದು ಕೇಳಿದ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಪ್ಲಗ್ಗು ಉದ್ದವಾದರೆ ಅದು ಪೂರ್ತಿ ಇಳಿಯದ ಹಾಗೆ ಕತ್ತಿನಲ್ಲಿ ಏನಾದರೂ ಸುತ್ತಿದರೆ ಆಯಿತಲ್ಲ? ಹಾರ್ನನ್ನು ಕಟ್ಟಿದ್ದ ತಾಮ್ರದ ತಂತಿ ಕಣ್ಣೆದುರಿಗೇ ಇತ್ತು. ಕೈ ಆಗಲೇ ಅದಕ್ಕೆ ಹೋಗಿತ್ತು.

“ನೀನು ಹೋಗು ಬಸಣ್ಣಾ. ಇನ್ನೇನು, ಎರಡೇ ನಿಮಿಷ,” ಎಂದೆ.

ಎರಡು ನಿಮಿಷವಂತೆ! ಈಗ ಆ ಹುಡುಗಿ ಸಿಕ್ಕಿದರೆ ಜಡೆ ಹಿಡಿದು ಎಳೆದುಕೊಂಡು ಹೋಗಿ ಆ ಸೈಕಲ್ಲಿನ ಮೇಲೆ ಕೂರಿಸುತ್ತೇನೆ. ಬಸಣ್ಣ ಹೋದ. ನಾನು ಜಾಮಿಟ್ರಿ ಪೆಟ್ಟಿಗೆ ತೆಗೆದು, ಕೈವಾರದ ಮೊನೆಯಿಂದ ಚಪ್ಪಟೆಯಾದ ಕೊಕ್ಕೆಯನ್ನು ಮೀಟಿದೆ. ಒಂದು ಎದ್ದಿತು. ಇನ್ನೊಂದಕ್ಕೆ ಕೈವಾರವೇ ಬಾಗಿತು. ಚಪ್ಪಲಿ ಮೊಳೆಯಲ್ಲಿ ಮೀಟಿದೆ. ಗರಗಸದ ಚೂರು ತೂರಿಸಿ ಸಂದು ನೋಡಿದೆ. ತಂತಿಯನ್ನು ಪ್ಲಗ್ಗಿನ ಕತ್ತಿಗೆ ಎರಡು ಸುತ್ತು ಸುತ್ತಿ ಕೂರಿಸಿದೆ. ಅಪ್ಪ ಹ್ಯಾಂಡಲು ತಿರುಗಿಸಿದ. ಕಟ್ ಎಂದಿತು. ಮತ್ತೆ ಬಿಚ್ಚು, ಮತ್ತೆ ಮೀಟು, ಮೂರು ಸುತ್ತು ಸುತ್ತು. ಈ ಸಲ ತಗುಲಲಿಲ್ಲ. ಇನ್ನು ಹಳೆಯವು ಎರಡು. ಅವಕ್ಕೆ ಒಲೆ ಬೇಕು. ರಸ್ತೆ ಬದಿಯಲ್ಲಿ ಒಣಹುಲ್ಲು, ಜೋಳದ ಕೂಳೆ ಒಟ್ಟಿ ಬೆಂಕಿ ಹಾಕಿದೆವು. ಅಪ್ಪ ಮಂಡಿಯೂರಿ ಕೂತು ಊದಿದ. ನಡುನಡುವೆ ಗಡಿಯಾರ ನೋಡಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ. ನನಗೆ ಪರೀಕ್ಷೆಯೇ ಮರೆತುಹೋಗಿತ್ತು, ಅಷ್ಟೇ ನಿಜ.

ನಾಲ್ಕನ್ನೂ ಕೂರಿಸಿ ತಂತಿ ಸಿಕ್ಕಿಸಿ, “ಹೊಡಿಯಪ್ಪಾ” ಎಂದೆ. ಒಂದೇ ಸಲಕ್ಕೆ ಹತ್ತಿಕೊಂಡಿತು. ನಡುಕ ಇಲ್ಲ, ಕೆಮ್ಮು ಇಲ್ಲ. ಆ ಕಾರು ನಮ್ಮ ಮನೆಗೆ ಬಂದಮೇಲೆ ಅಷ್ಟು ಸಲೀಸಾಗಿ ಓಡಿದ್ದೇ ಇಲ್ಲ. ನಾನು ರಸ್ತೆಯ ನಡುವೆ ನಿಂತು ನಕ್ಕೆ. ಜೋರಾಗಿ, ಹುಚ್ಚಿಯ ಹಾಗೆ ನಕ್ಕೆ. ಅಪ್ಪನೂ ನಕ್ಕ. ಅವನ ಹಲ್ಲು ಬಿಟ್ಟರೆ ಮುಖವೆಲ್ಲ ಮಸಿ.

ಅಜ್ಜಂಪುರ ಮುಟ್ಟಿದಾಗ ಹನ್ನೊಂದು ಗಂಟೆ ಹತ್ತು ನಿಮಿಷ. ಸ್ಕೂಲಿನ ಗೇಟು ಹಾಕಿತ್ತು. ಮೇಷ್ಟ್ರು ಗೇಟಿನ ಹೊರಗೇ ನಿಂತಿದ್ದರು. ಬಸಣ್ಣನಿಂದ ವಿಷಯ ತಿಳಿದು, ಹೆಡ್‌ಮೇಷ್ಟ್ರ ಹತ್ತಿರ ಹೋಗಿ ಕೈ ಮುಗಿದು ಬಂದಿದ್ದರಂತೆ. ಹೆಡ್‌ಮೇಷ್ಟ್ರು ಹತ್ತೂವರೆ ಆದಮೇಲೂ ಹತ್ತು ನಿಮಿಷ ಕಾದಿದ್ದರಂತೆ. ನಮ್ಮ ಮೇಷ್ಟ್ರು ನನ್ನ ಕೈ ನೋಡಿದರು. ಮೊಣಕೈವರೆಗೆ ಕಪ್ಪು.

“ಏನ್ರೀ ಇದು ಸಿದ್ದಪ್ನೋರೆ?” ಎಂದರು.

“ಮೇಷ್ಟ್ರೇ, ಗಾಡಿ ನಡುದಾರೀಲಿ ನಿಂತೋಯ್ತು. ಈ ಹುಡುಗಿ ಒಬ್ಳೇ ರಿಪೇರಿ ಮಾಡಿದ್ಲು ಕಣ್ರೀ! ಬರೀ ತಂತಿ ಸುತ್ತಿ! ಸದ್ದು ಕೇಳಿ, ಹೆಂಗೈತೆ ನೋಡಿ!” ಎಂದು ಅಪ್ಪ ಇಂಜಿನ್ ಆರಿಸದೆ ನಿಲ್ಲಿಸಿದ್ದ ಗಾಡಿಯನ್ನು ತೋರಿಸಿದ.

ಮೇಷ್ಟ್ರು ಗಾಡಿಯ ಕಡೆ ನೋಡಲಿಲ್ಲ. “ಇವತ್ತು ಕನ್ನಡ ಪೇಪರು ಕಣಮ್ಮ. ಅದೊಂದು ನಿನಗೆ ಹೋಯ್ತು,” ಎಂದರು.

ಉಳಿದ ದಿನ ನಾನು ಬಸ್ಸಿನಲ್ಲಿ ಹೋದೆ. ಅಪ್ಪ ಬೇಡ ಎನ್ನಲಿಲ್ಲ. ಉಳಿದ ಪೇಪರೆಲ್ಲ ಬರೆದೆ, ಎಲ್ಲದರಲ್ಲೂ ಪಾಸಾದೆ. ಲೆಕ್ಕದಲ್ಲಿ ನಮ್ಮೂರಿಗೇ ಹೆಚ್ಚು ಬಂತು. ಕನ್ನಡದ ಎದುರಿಗೆ ಕೆಂಪು ಶಾಯಿಯಲ್ಲಿ ಗೈರುಹಾಜರು ಎಂದು ಬರೆದಿದ್ದರು. ಒಂದು ಹೋದರೆ ಎಲ್ಲ ಹೋದಂತೆ. ಅಪ್ಪನ ಮಾತು ಒಂದೇ ಅಲ್ಲವೇ? ಆ ಮಾತಿಗೆ ನಿಂತ. ತಪ್ಪು ಯಾರದು ಎನ್ನುವ ಮಾತು ಮನೆಯಲ್ಲಿ ಏಳಲಿಲ್ಲ. ಅವ್ವ ಒಂದು ವಾರ ಅಪ್ಪನಿಗೆ ಊಟ ಬಡಿಸಿ ಮಾತಾಡದೆ ಹೋಗುತ್ತಿದ್ದಳು. ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸುತ್ತೇನೆ ಎಂದು ಮೇಷ್ಟ್ರು ಹೇಳಿದರು. ಅಷ್ಟರಲ್ಲಿ ಅವರಿಗೇ ಬೇರೆ ಕಡೆಗೆ ವರ್ಗವಾಯಿತು.

ಆದರೆ ಅಪ್ಪ ಅಜ್ಜಂಪುರ, ಬೀರೂರು, ತರೀಕೆರೆ, ಹೋದಲ್ಲೆಲ್ಲ ಈ ಕಥೆ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರುಗಳನ್ನು ಕರೆದು ತಾಮ್ರದ ತಂತಿ ತೋರಿಸಿದ. ಕಡೂರಿನ ಮೆಕ್ಯಾನಿಕ್ಕು ಮುದುಕರು ಬಿಚ್ಚಿ ನೋಡಿ, ಮೊದಲು ಅಪ್ಪನನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ನನ್ನ ತಲೆ ಸವರಿ, “ಈ ಮಗೂನ ನನ್ನ ಗ್ಯಾರೇಜಿಗೆ ಬಿಡಯ್ಯಾ” ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ, ನಾನಂತೂ ನಿಜ ಎಂದೇ ಹಿಡಿದುಕೊಂಡೆ. ಓದು ಹೋದರೆ ಹೋಯಿತು, ಇದಾದರೂ ಇದೆಯಲ್ಲ ಎಂದುಕೊಂಡು ಆ ಬೇಸಿಗೆಯೆಲ್ಲ ಇಂಜಿನ್ನಿನೊಳಗೆ ತಲೆ ಇಟ್ಟುಕೊಂಡೇ ಇದ್ದೆ. ಸರಿಯಾದ ನಂಬರಿನ ನಾಲ್ಕು ಪ್ಲಗ್ಗು ತರಿಸಿದೆ, ಚೀಟಿ ಕೊಟ್ಟು. ಸದ್ದು ಕೇಳಿದರೆ ಎಷ್ಟನೆಯದು ಕಿಡಿ ಬಿಡುತ್ತಿಲ್ಲ ಎಂದು ಹೇಳುವಷ್ಟು ಕಿವಿ ಪಳಗಿತು.

ಮಳೆಗಾಲ ಮುಗಿಯುವಷ್ಟರಲ್ಲಿ ನಾನು ದೊಡ್ಡವಳಾದೆ. ಆರತಿ ಮಾಡಿ ಸೀರೆ ಉಡಿಸಿದರು. ಅದರ ಮಾರನೇ ವಾರ ಬೆಳಿಗ್ಗೆ ಎದ್ದು ಗಾಡಿಯ ಹತ್ತಿರ ಹೋದೆ. ಅಪ್ಪ ಆಗಲೇ ಅಲ್ಲಿ ನಿಂತಿದ್ದ. ನನ್ನ ಮುಖ ನೋಡದೆ, “ಪಾನ ಇಲ್ಲಿ ಕೊಡವ್ವಾ. ಇನ್ನು ನೀನು ಬೀದೀಲಿ ಹಿಂಗೆಲ್ಲ ಬಗ್ಗಬಾರದು. ಬೀರೂರಿಂದ ಒಬ್ಬ ಕ್ಲೀನರು ಬತ್ತಾನೆ,” ಎಂದ.

ಈಗ ನಮ್ಮ ಬೀದಿಯೊಂದರಲ್ಲೇ ಹತ್ತು ಕಾರು ನಿಂತಿರುತ್ತವೆ. ಮುಚ್ಚಳ ಎತ್ತಿದರೆ ಒಳಗೆ ಇನ್ನೊಂದು ಪ್ಲಾಸ್ಟಿಕ್ಕಿನ ಮುಚ್ಚಳ. ಪ್ಲಗ್ಗು ಎಲ್ಲಿದೆ ಎಂದು ಓಡಿಸುವವರಿಗೇ ಗೊತ್ತಿಲ್ಲ. ನಾನು ಜಗುಲಿಯಲ್ಲಿ ಕೂತು ಸದ್ದು ಕೇಳಿ, ಅದರಲ್ಲಿ ಒಂದು ಸರಿಯಾಗಿ ಹೊಡೆಯುತ್ತಿಲ್ಲ ನೋಡಿಸಪ್ಪಾ ಎಂದರೆ, ಸರಿ ಅಜ್ಜಿ ಎಂದು ಹೊರಟುಹೋಗುತ್ತಾರೆ. ನಾಲ್ಕು ದಿನಕ್ಕೆ ಗಾಡಿಯನ್ನು ಇನ್ನೊಂದು ಗಾಡಿ ಎಳೆದುಕೊಂಡು ಬರುತ್ತದೆ. ಬರಲಿ.

ಪರೀಕ್ಷೆ ಹೋದದ್ದಕ್ಕೆ ಅಪ್ಪನನ್ನು ಬೇಕಾದಷ್ಟು ಬೈದಿದ್ದೇನೆ, ಅವನು ಇದ್ದಾಗಲೂ, ಹೋದಮೇಲೂ. ಅದು ಬೈಗುಳದಲ್ಲಿ ತೀರಿತು. ಬಸಣ್ಣನ ಸೈಕಲ್ಲು ಬಿಟ್ಟವಳು ನಾನೇ, ಬಿಟ್ಟದ್ದಕ್ಕೆ ಬದಲಾಗಿ ಕೈಗೆ ಒಂದು ಕೆಲಸ ಬಂದಿತ್ತು. ಅಪ್ಪ ಆ ಪಾನ ಕೇಳಿದಾಗ ಇಲ್ಲ ಎನ್ನಬಹುದಿತ್ತು, ಅಳಬಹುದಿತ್ತು, ಬಾವಿಗಾದರೂ ಎಸೆಯಬಹುದಿತ್ತು. ಸೆರಗಿನಲ್ಲಿ ಒರೆಸಿ, ಹಿಡಿ ಅವನ ಕಡೆಗೆ ತಿರುಗಿಸಿ, ಕೊಟ್ಟುಬಿಟ್ಟೆ.